ಹೊಸಬನಿಗೆ ನನಗಿಂತ ಜಾಸ್ತಿ ಸಂಬಳ. ಬಾಯಿಬಿಟ್ಟು ಕೇಳಬಹುದಾ?

ಪ್ರಶ್ನೆ: ಮೇಡಂ, ನಾನು ಪೀಣ್ಯದ ಒಂದು ಮಷಿನ್ ಬಿಡಿಭಾಗಗಳ ಕಂಪನಿಯಲ್ಲಿ ಪರ್ಚೇಸ್ ವಿಭಾಗದಲ್ಲಿದ್ದೇನೆ. 2017ರಲ್ಲಿ 18,000ಕ್ಕೆ ಸೇರಿದೆ. ಎಂಟು ವರ್ಷ ತುಂಬಿತು. ನಡುವೆ ಒಮ್ಮೆ ಹೆರಿಗೆ ರಜೆ ತೆಗೆದುಕೊಂಡಿದ್ದೆ. ಈಗ ಕೈಗೆ ಸುಮಾರು 31,000 ಬರುತ್ತದೆ. ಕಳೆದ ವರ್ಷ ನಮ್ಮ ವಿಭಾಗಕ್ಕೆ ಒಬ್ಬ ಹುಡುಗ ಸೇರಿದ. ನನ್ನಷ್ಟೇ ಕೆಲಸ. ವೆಂಡರ್‌ಗಳ ಹತ್ತಿರ ರೇಟ್ ಮಾತಾಡುವುದರಿಂದ ಹಿಡಿದು ಪಿಒ (ಖರೀದಿ ಆರ್ಡರ್) ಹಾಕುವವರೆಗೆ ನಾನೇ ಹೇಳಿಕೊಟ್ಟೆ. ಹೋದ ವಾರ ಪ್ರಿಂಟರ್ ಟ್ರೇಯಲ್ಲಿ ಅವನ ಸ್ಯಾಲರಿ ಸ್ಲಿಪ್ ಬಿದ್ದಿತ್ತು. ನೆಟ್ 38,500! ಮೊಬೈಲಲ್ಲಿ ಫೋಟೋ ತೆಗೆದುಕೊಂಡು ಹಾಳೆಯನ್ನು ಅಲ್ಲೇ ಬಿಟ್ಟು ಬಂದೆ. ಸೇರುವಾಗ ‘ಸಂಬಳದ ವಿವರ ಗೋಪ್ಯ, ಯಾರಿಗೂ ಹೇಳುವುದಿಲ್ಲ’ ಅಂತ ಸಹಿ ಹಾಕಿದ್ದೇನೆ. ಪ್ರತಿ ವರ್ಷ ಇನ್‌ಕ್ರಿಮೆಂಟ್ ಲೆಟರ್ ಕೊಡುವಾಗ ಮ್ಯಾನೇಜರ್ ‘ನಿಮಗೇ ಜಾಸ್ತಿ ಕೊಟ್ಟಿರೋದು, ಯಾರ ಹತ್ರಾನೂ ಹೇಳ್ಬೇಡಿ’ ಅನ್ನುತ್ತಾರೆ. ನಮ್ಮ ಮನೆಯವರು ‘ಸುಮ್ನಿರು, ಇರೋ ಕೆಲಸಾನೂ ಕಳ್ಕೊಳ್ತೀಯ’ ಅಂತಾರೆ. ಸಂಬಳದ ಬಗ್ಗೆ ಮಾತಾಡಿದರೆ ಕಾನೂನಿನ ಪ್ರಕಾರ ತಪ್ಪಾ? ನನ್ನಿಂದ ಆ ಹುಡುಗನಿಗೆ ತೊಂದರೆ ಆಗದ ಹಾಗೆ ಕೇಳೋದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹೊಟ್ಟೆಕಿಚ್ಚು ಕಾಣಲಿಲ್ಲ. ‘ಎಂಟು ವರ್ಷ ನನ್ನನ್ನು ಯಾಮಾರಿಸಿದರಾ?’ ಅನ್ನುವ ಸಂಕಟ ಕಂಡಿತು. ಅದರ ಮೇಲೆ ಕೆಲಸ ಹೋದರೆ ಅನ್ನುವ ಹೆದರಿಕೆ ಬೇರೆ.

ಮೊದಲು ಒಂದು ತಪ್ಪೊಪ್ಪಿಗೆ. ನಾನು 22 ವರ್ಷ ಎಚ್‌ಆರ್‌ನಲ್ಲಿದ್ದೆ. ನೀವು ಸಹಿ ಹಾಕಿದಂಥ ಸಾಲನ್ನು ನಾನೇ ನೂರಾರು ಆಫರ್ ಲೆಟರ್‌ಗಳಲ್ಲಿ ಹಾಕಿದ್ದೇನೆ. ಹಳೆಯ ಲೆಟರ್‌ನಿಂದ ಹೊಸದಕ್ಕೆ ಕಾಪಿ ಆಗುತ್ತಾ ಬಂದ ಸಾಲು ಅದು. ಯಾಕೆ ಬೇಕು ಅಂತ ಯಾರೂ ಕೇಳುತ್ತಿರಲಿಲ್ಲ. ಇನ್ನು ‘ನಿಮಗೇ ಜಾಸ್ತಿ ಕೊಟ್ಟಿರೋದು’ ಅನ್ನುವ ಮಾತು. ಒಂದೇ ಮಧ್ಯಾಹ್ನ ಅದನ್ನೇ ಹನ್ನೊಂದು ಜನಕ್ಕೆ ಹೇಳಿದ ಮ್ಯಾನೇಜರ್ ಒಬ್ಬರನ್ನು ನಾನು ಬಲ್ಲೆ. ಹನ್ನೊಂದು ಜನವೂ ಖುಷಿಯಾಗಿ ಹೊರಗೆ ಬಂದರು. ಯಾರೂ ಯಾರಿಗೂ ಹೇಳಲಿಲ್ಲ, ಹಾಗಾಗಿ ಆ ಮಾತು ಕೆಲಸ ಮಾಡಿತು.

ಈಗ ಕಾನೂನು. ನಿಮ್ಮ ಸಂಬಳವನ್ನು ನೀವು ಇನ್ನೊಬ್ಬರಿಗೆ ಹೇಳುವುದು ಅಪರಾಧ ಅನ್ನುವ ಕಾಯ್ದೆ ನಮ್ಮ ದೇಶದಲ್ಲಿ ಇಲ್ಲ. ಪೊಲೀಸು, ಕೇಸು ಅಂತ ಯಾರಾದರೂ ಅಂದರೆ ಅದು ಸುಮ್ನೆ ಹೆದರಿಸುವ ಮಾತು. ಹಾಗಂತ ‘ನನ್ನ ಸಂಬಳ, ನನ್ನಿಷ್ಟ, ಏನೂ ಮಾಡೋಕಾಗಲ್ಲ’ ಅನ್ನುವುದೂ ಪೂರ್ತಿ ನಿಜವಲ್ಲ. ಅಮೆರಿಕದಲ್ಲಿ 1935ರ ಕಾರ್ಮಿಕ ಕಾಯ್ದೆಯ ಆಸರೆಯಲ್ಲಿ ಖಾಸಗಿ ಕಂಪನಿಗಳ ಹೆಚ್ಚಿನ ನೌಕರರು ಸಂಬಳದ ಬಗ್ಗೆ ತಮ್ಮತಮ್ಮಲ್ಲಿ ಮಾತಾಡಬಹುದು. ಬ್ರಿಟನ್ನಿನ 2010ರ ಸಮಾನತೆ ಕಾಯ್ದೆಯ ಪ್ರಕಾರ, ತಾರತಮ್ಯ ಇದೆಯಾ ಅಂತ ತಿಳಿಯಲು ಸಂಬಳ ಹೇಳಿಕೊಂಡರೆ ಕಂಪನಿಯ ಗುಟ್ಟಿನ ಷರತ್ತು ನಡೆಯುವುದಿಲ್ಲ. ನಮ್ಮಲ್ಲಿ ಅಷ್ಟು ನೇರವಾಗಿ ಬರೆದ ರಕ್ಷಣೆ ಇಲ್ಲ.

ಹತ್ತಿರದ್ದು ಅಂದರೆ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದು ಈಗ ಕೈಗಾರಿಕಾ ಸಂಬಂಧಗಳ ಸಂಹಿತೆಗೆ ಬಂದಿರುವ ಒಂದು ಸಾಲು. ಕಾರ್ಮಿಕರು ಒಬ್ಬರಿಗೊಬ್ಬರು ನೆರವಾಗಲು ಒಟ್ಟಾಗಿ ಮಾಡುವ ಚಟುವಟಿಕೆಗೆ ಮಾಲೀಕರು ಅಡ್ಡಿಪಡಿಸಬಾರದು ಅನ್ನುತ್ತದೆ ಅದು. ಆದರೆ ಅದು ‘ಕಾರ್ಮಿಕ’ ಅನ್ನಿಸಿಕೊಳ್ಳುವವರಿಗೆ ಮಾತ್ರ. ತಿಂಗಳಿಗೆ 18,000ಕ್ಕಿಂತ ಜಾಸ್ತಿ ಪಡೆಯುವ ಮೇಲ್ವಿಚಾರಕರು ಅದರಲ್ಲಿ ಬರುವುದಿಲ್ಲ. ವಿಸಿಟಿಂಗ್ ಕಾರ್ಡಿನಲ್ಲಿ ‘ಎಕ್ಸಿಕ್ಯೂಟಿವ್’ ಅಂತ ಇದ್ದ ಮಾತ್ರಕ್ಕೆ ನೀವು ಹೊರಗೆ ಅಂತಲ್ಲ. ದಿನಾ ಏನು ಕೆಲಸ ಮಾಡುತ್ತೀರಿ ಅನ್ನುವುದನ್ನು ನೋಡಿ ತೀರ್ಮಾನ ಮಾಡುತ್ತಾರೆ. ಆ ವಾದ ವರ್ಷಗಟ್ಟಲೆ ನಡೆಯಬಹುದು. ಹಾಗಾಗಿ ಇದೊಂದನ್ನೇ ನಂಬಿಕೊಂಡು ಹೋರಾಡಿ ಅಂತ ನಾನು ಹೇಳುವುದಿಲ್ಲ.

ನಿಜವಾಗಿ ಏನಾಗುತ್ತದೆ ಅಂತ ಹೇಳುತ್ತೇನೆ. ತನ್ನ ಸಂಬಳ ತಾನು ಹೇಳಿಕೊಂಡ ಅನ್ನುವ ಒಂದೇ ಕಾರಣಕ್ಕೆ ಕೆಲಸ ಕಳೆದುಕೊಂಡವರನ್ನು ನಾನು ನೋಡಿಲ್ಲ. ಅಪ್ರೈಸಲ್‌ನಲ್ಲಿ ‘ಆಟಿಟ್ಯೂಡ್ ಸರಿ ಇಲ್ಲ’ ಅಂತ ಬರೆಸಿಕೊಂಡವರನ್ನು ನೋಡಿದ್ದೇನೆ. ಕೆಲಸದಿಂದ ತೆಗೆದದ್ದನ್ನು ನೋಡಿರುವುದು ಬೇರೆ ಕಾರಣಕ್ಕೆ: ಇನ್ನೊಬ್ಬರ ಸಂಬಳದ ಮಾಹಿತಿ ಹೊರಗೆ ಹಾಕಿದ್ದಕ್ಕೆ. ನಿಮ್ಮ ಫೋಟೋ ಇಲ್ಲಿಗೆ ಬರುತ್ತದೆ. ಅದನ್ನು ಯಾರಿಗೂ ಕಳಿಸಬೇಡಿ, ತೋರಿಸಬೇಡಿ. ನಿಮ್ಮ ನಂಬರ್ ನಿಮ್ಮದು, ಅವನ ಸ್ಲಿಪ್ ಅವನದು.

‘ಹಾಗಾದರೆ ಸಾಕ್ಷಿ?’ ಅನ್ನಬಹುದು. ಸಂಬಳದ ರಿಜಿಸ್ಟರ್ ಇಡುವುದು, ನೌಕರರಿಗೆ ಸ್ಲಿಪ್ ಕೊಡುವುದು ಮಾಲೀಕರ ಕಾನೂನು ಹೊಣೆ. ಮುಂದೆ ಇದು ಅಧಿಕಾರಿಗಳ ಮುಂದೆ ಹೋದರೆ ಆ ರಿಜಿಸ್ಟರ್ ತರಿಸಿಕೊಳ್ಳುವುದು ಅವರಿಗೆ ಕಷ್ಟವಿಲ್ಲ. ಪ್ರಿಂಟರ್ ಟ್ರೇಯ ಫೋಟೋ ಬೇಕಾಗಿಯೇ ಇಲ್ಲ.

ಈಗ ನಿಮ್ಮಿಬ್ಬರ ನಡುವಿನ ಆ 7,500ರ ವ್ಯತ್ಯಾಸಕ್ಕೆ ಬರೋಣ. ನೆಟ್ ಜೊತೆ ನೆಟ್ ಹೋಲಿಸಿದರೆ ಒಮ್ಮೊಮ್ಮೆ ಮೋಸ ಹೋಗುತ್ತೇವೆ. ಒಂದು ಲೆಕ್ಕ ನೋಡಿ. ಇಬ್ಬರಿಗೂ ಸಿಟಿಸಿ (ಒಬ್ಬರ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು) ಒಂದೇ, ಬೇಸಿಕ್ ಅಂದರೆ ಮೂಲ ವೇತನ 24,000 ಅಂತಿಟ್ಟುಕೊಳ್ಳಿ. ಒಬ್ಬರಿಗೆ ಪೂರ್ತಿ ಬೇಸಿಕ್ ಮೇಲೆ 12% ಪಿಎಫ್ ಹಿಡಿಯುತ್ತಾರೆ, ಅಂದರೆ 2,880. ಇನ್ನೊಬ್ಬರಿಗೆ ಕಾನೂನಿನ ಮಿತಿಯಾದ 15,000ದ ಮೇಲೆ ಮಾತ್ರ, ಅಂದರೆ 1,800. ವ್ಯತ್ಯಾಸ 1,080. ಕಂಪನಿಯ ಪಾಲಿನ ಪಿಎಫ್ ಕೂಡ ಸಿಟಿಸಿ ಒಳಗೇ ಇರುವುದರಿಂದ ಅಲ್ಲೂ ಇನ್ನೊಂದು 1,080. ಒಟ್ಟು 2,160 ರೂಪಾಯಿ ಒಬ್ಬರ ಕೈಗೆ ಬರುತ್ತದೆ, ಇನ್ನೊಬ್ಬರ ಪಿಎಫ್ ಖಾತೆಗೆ ಹೋಗುತ್ತದೆ. ಯಾರಿಗೂ ಕಮ್ಮಿ ಕೊಟ್ಟಿಲ್ಲ. ಅದರ ಮೇಲೆ ಆ ತಿಂಗಳು ಅವನಿಗೆ ಅರಿಯರ್ಸ್ (ಹಳೆ ಬಾಕಿ) ಬಂದಿತ್ತಾ, ನಿಮಗೆ ಅಡ್ವಾನ್ಸ್ ಏನಾದರೂ ಕಟ್ ಆಗುತ್ತಿದೆಯಾ, ಅದೂ ಗೊತ್ತಿಲ್ಲ. ಮೊದಲು ನಿಮ್ಮದೇ ಸ್ಲಿಪ್ ತೆಗೆದು ಪಿಎಫ್ ಸಾಲು ನೋಡಿ. 1,800 ಇದ್ದರೆ ನಿಮ್ಮ ಮಟ್ಟಿಗೆ ಈ ಕಾರಣ ಇಲ್ಲ ಅಂತ ಅರ್ಥ.

ಇಷ್ಟು ಕಳೆದರೂ ಒಂದಿಷ್ಟು ಉಳಿಯುತ್ತದೆ ಅಂತ ನನ್ನ ಅಂದಾಜು. ಅದು ಎಲ್ಲಿಂದ ಬಂತು?

ಕಂಪನಿಗಳಲ್ಲಿ ಸಂಬಳಕ್ಕೆ ಎರಡು ಬೇರೆ ಬೇರೆ ಗಂಟು ಇರುತ್ತವೆ. ಇರುವವರ ಇನ್‌ಕ್ರಿಮೆಂಟಿಗೆ ಒಂದು, ಹೊಸಬರನ್ನು ತರಲು ಇನ್ನೊಂದು. ಮೊದಲನೆಯದನ್ನು ಶೇಕಡಾ ಲೆಕ್ಕದಲ್ಲಿ ಅಳೆದು ಸುರಿದು ಕೊಡುತ್ತಾರೆ. ಎರಡನೆಯದು ಮಾರ್ಕೆಟ್ ಏನು ಕೇಳುತ್ತದೋ ಅದು. ಸೀಟು ಖಾಲಿ ಇದ್ದರೆ ಕೆಲಸ ನಿಲ್ಲುತ್ತದಲ್ಲ, ಹಾಗಾಗಿ ಅಲ್ಲಿ ಕೈ ಬಿಚ್ಚುತ್ತಾರೆ. ನೀವು 18,000ಕ್ಕೆ ಸೇರಿದಿರಿ. ವರ್ಷಕ್ಕೆ 8% ಅಂತ ಏಳು ಸಲ ಏರಿಸಿ ನೋಡಿ: ಸುಮಾರು 30,850. ನಿಮಗೆ ಬರುತ್ತಿರುವುದೂ ಹೆಚ್ಚುಕಮ್ಮಿ ಅಷ್ಟೇ. ಆ ಹುಡುಗ ಹಿಂದಿನ ಕೆಲಸದಲ್ಲಿ 32,000 ತಗೊಳ್ಳುತ್ತಿದ್ದರೆ, 20% ಸೇರಿಸಿ 38,400 ಕೊಟ್ಟು ಕರೆದುಕೊಂಡಿರುತ್ತಾರೆ. ನಿಮ್ಮಿಬ್ಬರ ಸಂಬಳವನ್ನು ಯಾರೂ ಪಕ್ಕಪಕ್ಕ ಇಟ್ಟು ನೋಡಿಯೇ ಇರುವುದಿಲ್ಲ. ಬೇಕಂತಲೇ ತುಳಿದರು ಅನ್ನುವುದಕ್ಕಿಂತ ಇದು ಜಾಸ್ತಿ ನಡೆಯುವ ಕಥೆ. ಹಾಗಂತ ಸರಿ ಅಂತ ಹೇಳುತ್ತಿಲ್ಲ.

ಆದರೆ ಈ ಲೆಕ್ಕ ಹಾಕುವಾಗ ನನಗೊಂದು ಕಣ್ಣಿಗೆ ಬಿತ್ತು. ನಿಮ್ಮದು ಎಂಟು ವರ್ಷ. ಎಂಟು ಸಲ ಏರಬೇಕಿತ್ತು. ಲೆಕ್ಕ ಹೊಂದುವುದು ಏಳು ಸಲಕ್ಕೆ. ಎಂಟು ಸಲ ಏರಿಸಿದರೆ 33,300 ದಾಟುತ್ತದೆ.

ಹೆರಿಗೆ ರಜೆಯ ವರ್ಷ ನಿಮಗೆ ಇನ್‌ಕ್ರಿಮೆಂಟ್ ಬಂದಿತ್ತಾ?

8% ಅನ್ನುವುದು ನನ್ನ ಊಹೆ, ನಿಮ್ಮ ಲೆಟರ್‌ಗಳಲ್ಲಿ ಬೇರೆ ಇರಬಹುದು. ಆದರೂ ಕೇಳುತ್ತಿದ್ದೇನೆ, ಯಾಕೆಂದರೆ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ‘ಈ ವರ್ಷ ಆರು ತಿಂಗಳು ಇರಲೇ ಇಲ್ಲ, ರೇಟಿಂಗ್ ಹೇಗೆ ಕೊಡೋದು?’ ಅಂತ ಮ್ಯಾನೇಜರ್ ಆ ಕಾಲಂ ಖಾಲಿ ಬಿಡುತ್ತಾರೆ. ಖಾಲಿ ಕಾಲಂ ಅಂದರೆ ಸೊನ್ನೆ. ಮಗು ಕೈಯಲ್ಲಿದ್ದ ಹೆಣ್ಣುಮಗಳು ಆಗ ಜಗಳಕ್ಕೆ ಹೋಗುವುದಿಲ್ಲ. ಆ ಒಂದು ಸೊನ್ನೆಯ ಮೇಲೆ ಮುಂದಿನ ಎಲ್ಲ ಶೇಕಡಾ ಕೂರುತ್ತವೆ. ಇವತ್ತಿನ ಲೆಕ್ಕಕ್ಕೆ ತಿಂಗಳಿಗೆ ಸುಮಾರು 2,470 ರೂಪಾಯಿ ನಷ್ಟ, ಅದೂ ಪ್ರತಿ ತಿಂಗಳು. ನಾನೂ ಎಚ್‌ಆರ್ ಸೀಟಿನಲ್ಲಿ ಕೂತು ಅಂಥ ಖಾಲಿ ಕಾಲಂಗಳನ್ನು ಪ್ರಶ್ನೆ ಮಾಡದೆ ಮುಂದೆ ಕಳಿಸಿದ್ದೇನೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹೆರಿಗೆ ರಜೆಯ ಕಾರಣಕ್ಕೆ ಹೆಣ್ಣುಮಗಳ ಸೇವಾ ಷರತ್ತುಗಳನ್ನು ಅವಳಿಗೆ ನಷ್ಟವಾಗುವ ಹಾಗೆ ಬದಲಾಯಿಸಬಾರದು ಅಂತ 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿತ್ತು. ಅದೇ ಮಾತು ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ನಿಮ್ಮ ಲೆಟರ್‌ಗಳಲ್ಲಿ ಆ ವರ್ಷದ್ದು ಇಲ್ಲದಿದ್ದರೆ ನಿಮ್ಮ ಕೈಯಲ್ಲಿರುವ ಗಟ್ಟಿ ಪಾಯಿಂಟ್ ಅದೇ. ಅದಕ್ಕೆ ಯಾರ ಸ್ಲಿಪ್ಪೂ ಬೇಡ. ನಿಮ್ಮ ಫೈಲೇ ಸಾಕು.

ಸಮಾನ ವೇತನದ ಕಾನೂನು ನಿಮಗೆ ಸಿಗುತ್ತದಾ? ‘ನಾನು ಸೀನಿಯರ್, ನನಗೆ ಜಾಸ್ತಿ ಸಿಗಲೇಬೇಕು’ ಅಂತ ಯಾವ ಕಾನೂನೂ ಹೇಳುವುದಿಲ್ಲ. ‘ಹೆಣ್ಣು ಅನ್ನುವ ಕಾರಣಕ್ಕೆ ಕಮ್ಮಿ ಕೊಡಬಾರದು’ ಅಂತ ಹೇಳುತ್ತದೆ. ಮೊದಲು 1976ರ ಸಮಾನ ವೇತನ ಕಾಯ್ದೆ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯೊಳಗೆ ಅದು ಸೇರಿಕೊಂಡಿದೆ. ಕೌಶಲ, ಶ್ರಮ, ಅನುಭವ, ಹೊಣೆ ಒಂದೇ ಆಗಿರುವ ಕೆಲಸಕ್ಕೆ ಗಂಡಿಗೊಂದು ಹೆಣ್ಣಿಗೊಂದು ದರ ಇರಕೂಡದು. ಇದು ಫ್ಯಾಕ್ಟರಿ ಕಾರ್ಮಿಕರಿಗಷ್ಟೇ ಅಲ್ಲ, ಆಫೀಸಿನವರಿಗೂ ಅನ್ವಯ.

ಈ ವಿಷಯ ಬಂದಾಗೆಲ್ಲ ನನಗೆ ಆಡ್ರಿ ಡಿಕೋಸ್ಟಾ ಕೇಸ್ ನೆನಪಾಗುತ್ತದೆ. ಮುಂಬೈಯಲ್ಲಿ ಮ್ಯಾಕಿನನ್ ಮ್ಯಾಕೆಂಜಿ ಕಂಪನಿಯಲ್ಲಿ ಸ್ಟೆನೋ ಆಗಿದ್ದವರು. ಗಂಡಸು ಸ್ಟೆನೋಗಳಿಗೆ ತಮಗಿಂತ ಜಾಸ್ತಿ ಅಂತ ಅವರು ಅರ್ಜಿ ಹಾಕಿದ್ದು ಕೆಲಸ ಹೋದ ಮೇಲೆ. ‘ಲೇಡಿ ಸ್ಟೆನೋ’ ಅನ್ನುವುದೇ ಬೇರೆ ವರ್ಗ, ಯೂನಿಯನ್ ಜೊತೆ ಒಪ್ಪಂದ ಆಗಿದೆ, ಈಗ ದುಡ್ಡೂ ಇಲ್ಲ ಅಂತೆಲ್ಲ ಕಂಪನಿ ವಾದ ಮಾಡಿತು. 1987ರಲ್ಲಿ ಸುಪ್ರೀಂ ಕೋರ್ಟ್ ಯಾವುದನ್ನೂ ಒಪ್ಪಲಿಲ್ಲ. ದುಡ್ಡಿಲ್ಲ ಅನ್ನುವುದು ನೆಪ ಆಗುವುದಿಲ್ಲ ಅಂದಿತು. ನಿಮ್ಮ ಕೇಸ್ ಅಷ್ಟು ಸಲೀಸಲ್ಲ. ‘ಅವನಿಗೆ ಜಾಸ್ತಿ ಕೊಟ್ಟಿದ್ದು ಹಿಂದಿನ ಸಂಬಳ ನೋಡಿ, ಗಂಡಸು ಅಂತಲ್ಲ’ ಅಂತ ಕಂಪನಿ ಹೇಳುತ್ತದೆ. ನಿಮ್ಮ ವಿಭಾಗದಲ್ಲಿ ನಿಮ್ಮ ಹಾಗೆ ಇರುವ ಎಲ್ಲ ಹೆಣ್ಣುಮಕ್ಕಳಿಗೂ ಕಮ್ಮಿ, ಎಲ್ಲ ಗಂಡಸರಿಗೂ ಜಾಸ್ತಿ ಅಂತ ಕಂಡರೆ ಆಗ ಮಾತು ಬದಲಾಗುತ್ತದೆ.

ಅದು ಕಾಣಬೇಕಾದರೆ ಮಾತಾಡಲೇಬೇಕು, ಅಲ್ವಾ? ‘ಗಂಡಸರ ಸಂಬಳ, ಹೆಂಗಸರ ವಯಸ್ಸು ಕೇಳಬಾರದು’ ಅಂತ ಗಾದೆ ಥರ ಹೇಳುತ್ತಾರೆ. ಹೆಂಗಸಿಗೂ ಸಂಬಳ ಇರುತ್ತದೆ ಅನ್ನುವುದೇ ಆ ಮಾತಿನಲ್ಲಿ ಇಲ್ಲ ನೋಡಿ. ಮದುವೆ ಮನೆಯಲ್ಲಿ ಊಟದ ಎಲೆ ಮುಂದೆ ಕೂತವರು ‘ಹುಡುಗನಿಗೆ ಎಷ್ಟು ಬರುತ್ತೆ?’ ಅಂತ ಕೇಳದೆ ಏಳುವುದಿಲ್ಲ. ಆಫೀಸಿನಲ್ಲಿ ಮಾತ್ರ ನಮಗೆ ನಾಚಿಕೆ.

ಸರ್ಕಾರಿ ನೌಕರಿಯಲ್ಲಿ ಈ ಗುಟ್ಟೇ ಇಲ್ಲ. ರಾಜ್ಯದ ಏಳನೇ ವೇತನ ಆಯೋಗದ ಶಿಫಾರಸಿನ ಮೇಲೆ 2024ರ ಆಗಸ್ಟ್ 1ರಿಂದ ಕನಿಷ್ಠ ಮೂಲ ವೇತನ 17,000ದಿಂದ 27,000 ಆಯಿತು. ಅದು ಪೇಪರಿನಲ್ಲೇ ಬಂತು. ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ ಸರ್ಕಾರಿ ಕಚೇರಿಗಳು ತಮ್ಮ ನೌಕರರ ತಿಂಗಳ ಸಂಬಳವನ್ನು ತಾವಾಗಿಯೇ ಪ್ರಕಟಿಸಬೇಕು. ಮೇಷ್ಟ್ರ ಸಂಬಳ ಊರಿಗೆಲ್ಲ ಗೊತ್ತು, ಅದರಿಂದ ಯಾವ ಸ್ಕೂಲೂ ಮುಳುಗಿಲ್ಲ. ಖಾಸಗಿಯಲ್ಲೂ ಷೇರುಪೇಟೆಯಲ್ಲಿ ಲಿಸ್ಟ್ ಆದ ಕಂಪನಿಗಳು ತಮ್ಮ ನಿರ್ದೇಶಕರ ಸಂಬಳ ನೌಕರರ ಮಧ್ಯಮ ಸಂಬಳದ ಎಷ್ಟು ಪಟ್ಟು ಅಂತ ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸಬೇಕು. ಗುಟ್ಟು ಅನ್ನುವುದು ಮಧ್ಯದಲ್ಲಿರುವ ನಮಗೆ ಮಾತ್ರ.

ಎಲ್ಲ ಬಿಚ್ಚಿಟ್ಟರೆ ಸಂಬಳ ತಾನಾಗಿ ಏರುತ್ತದೆ ಅಂತಲೂ ಅಂದುಕೊಳ್ಳಬೇಡಿ. ಗಾರ್ಮೆಂಟ್ಸ್‌ನಲ್ಲಿ ಟೈಲರ್‌ಗೆ ಎಷ್ಟು, ಹೆಲ್ಪರ್‌ಗೆ ಎಷ್ಟು ಅಂತ ಲೈನಿನಲ್ಲಿರುವ ಎಲ್ಲರಿಗೂ ಗೊತ್ತು. ಆದರೂ ಕಮ್ಮಿಯೇ. ಆದರೆ ಎಲ್ಲರ ಸ್ಲಿಪ್ಪೂ ಹೆಚ್ಚುಕಮ್ಮಿ ಒಂದೇ ಆಗಿದ್ದರಿಂದಲೇ, 2016ರ ಏಪ್ರಿಲ್‌ನಲ್ಲಿ ಪಿಎಫ್ ವಾಪಸ್ ಪಡೆಯುವ ನಿಯಮ ಬಿಗಿಯಾಗುತ್ತದೆ ಅಂತಾದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಸಾವಿರಾರು ಜನ ಹೊಸೂರು ರಸ್ತೆಗೆ ಬಂದರು. ಕೇಂದ್ರ ಸರ್ಕಾರ ಆ ನಿಯಮವನ್ನು ಕೈಬಿಟ್ಟಿತು.

ನೀವು ರಸ್ತೆಗೆ ಇಳಿಯಬೇಕಿಲ್ಲ. ನಂಬಿಕೆಯ ಇಬ್ಬರು ಮೂವರ ಹತ್ತಿರ, ಕ್ಯಾಂಟೀನಿನಲ್ಲೋ ಬಸ್‌ಸ್ಟಾಪಿನಲ್ಲೋ ಮಾತಾಡಿ. ವಾಟ್ಸಾಪ್ ಗ್ರೂಪಿನಲ್ಲಿ ಬೇಡ, ಕಂಪನಿಯ ಇಮೇಲಿನಲ್ಲಂತೂ ಬೇಡವೇ ಬೇಡ. ‘ನಿನ್ನದು ಎಷ್ಟು?’ ಅಂತ ಶುರು ಮಾಡಿದರೆ ಬಾಗಿಲು ಮುಚ್ಚುತ್ತದೆ. ‘ನನಗೆ ಹೆರಿಗೆ ರಜೆಯ ವರ್ಷ ಇನ್‌ಕ್ರಿಮೆಂಟ್ ಬರಲಿಲ್ಲ ಕಣೇ, ನಿನಗೆ ಬಂದಿತ್ತಾ?’ ಅಂತ ಕೇಳಿ. ಇಲ್ಲಿ ಯಾರೂ ಮೊತ್ತ ಹೇಳಬೇಕಾಗಿಲ್ಲ. ಬಂತು, ಇಲ್ಲ, ಎಷ್ಟು ಪರ್ಸೆಂಟ್, ಇಷ್ಟರಲ್ಲೇ ಚಿತ್ರ ಸಿಗುತ್ತದೆ. ಮೂರು ಜನಕ್ಕೂ ಬಂದಿಲ್ಲ ಅಂದರೆ ಅದು ನಿಮ್ಮೊಬ್ಬರ ದೂರು ಆಗಿ ಉಳಿಯುವುದಿಲ್ಲ. ನಿಮ್ಮ ಕಂಪನಿಯ ಷರತ್ತಿನ ಭಾಷೆ ತುಂಬ ಬಿಗಿಯಾಗಿದ್ದರೆ ಇದಕ್ಕೂ ಒಂದು ವಾರ್ನಿಂಗ್ ಬರಬಹುದು, ಆ ಅಪಾಯ ಇದೆ. ಆದರೆ ಕಾರ್ಮಿಕ ಇಲಾಖೆಗೋ ವಕೀಲರಿಗೋ ಸಂಬಳ ಹೇಳದಂತೆ ಯಾವ ಷರತ್ತೂ ನಿಮ್ಮನ್ನು ಕಟ್ಟಿಹಾಕಲಾರದು. ಕಾನೂನಿನ ಬಾಗಿಲು ತಟ್ಟುವುದನ್ನು ತಡೆಯುವ ಕರಾರು ನಮ್ಮ ಕರಾರು ಕಾಯ್ದೆಯಲ್ಲೇ ಅಸಿಂಧು.

ಮ್ಯಾನೇಜರ್ ಹತ್ತಿರ ಹೋಗುವಾಗ ಒಂದೇ ಹಾಳೆ ತೆಗೆದುಕೊಂಡು ಹೋಗಿ. ಎಡಗಡೆ ವರ್ಷ, ಬಲಗಡೆ ಇನ್‌ಕ್ರಿಮೆಂಟ್. ರಜೆಯ ವರ್ಷ ಬಂದಿಲ್ಲದಿದ್ದರೆ ಅದರ ಮುಂದೆ ಖಾಲಿ. ಕೆಳಗೆ, ಸೇರಿದಾಗ ಎಷ್ಟು ವೆಂಡರ್ ನೋಡುತ್ತಿದ್ದಿರಿ, ಈಗ ಎಷ್ಟು, ಯಾರಿಗೆ ಟ್ರೈನಿಂಗ್ ಕೊಟ್ಟಿರಿ. ‘ಸರ್, ಈ ಒಂದು ವರ್ಷ ಬಿಟ್ಟು ಹೋಗಿದೆ. ಸರಿ ಮಾಡಬೇಕು. ಜೊತೆಗೆ, ಇವತ್ತು ಈ ಕೆಲಸಕ್ಕೆ ಹೊರಗಿನಿಂದ ಒಬ್ಬರನ್ನು ತಂದರೆ ಎಷ್ಟು ಕೊಡ್ತೀರೋ ಆ ರೇಂಜಿಗೆ ನನ್ನದನ್ನೂ ನೋಡಿ’ ಅನ್ನಿ. ಈ ಎರಡನೇ ಮಾತು ಕೇಳಿದ ತಕ್ಷಣ ಅವರಿಗೆ ಅನುಮಾನ ಬರುತ್ತದೆ. ‘ಯಾರು ಹೇಳಿದ್ರು ನಿಮಗೆ?’ ಅನ್ನುತ್ತಾರೆ. ‘ಜಾಬ್ ಸೈಟ್‌ಗಳಲ್ಲಿ ಈ ಕೆಲಸಕ್ಕೆ ಎಷ್ಟು ಹಾಕಿದ್ದಾರೆ ಅಂತ ನೋಡಿದೆ ಸರ್’ ಅನ್ನಿ. ಹೋಗುವ ಮೊದಲು ನಿಜವಾಗಿಯೂ ನೋಡಿಕೊಂಡು ಹೋಗಿ, ಸುಳ್ಳು ಆಗಬಾರದು. ಆಮೇಲೆ ಮಾತನ್ನು ಮತ್ತೆ ಹಾಳೆಗೆ ತನ್ನಿ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಒಬ್ಬರು ಜೊತೆಯವನ ಸ್ಲಿಪ್ಪನ್ನು ನನ್ನ ಟೇಬಲ್ ಮೇಲೆ ಇಟ್ಟು ‘ಇದಕ್ಕೆ ಉತ್ತರ ಕೊಡಿ’ ಅಂದಿದ್ದರು. ಅವರ ಮಾತಿನಲ್ಲಿ ನ್ಯಾಯ ಇತ್ತು. ಆದರೆ ಮುಂದಿನ ಎರಡು ವಾರ ಆಫೀಸಿನಲ್ಲಿ ನಡೆದದ್ದು ಆ ಕಾಗದ ಎಲ್ಲಿಂದ ಸಿಕ್ಕಿತು ಅನ್ನುವ ವಿಚಾರಣೆ. ಅವರ ಸಂಬಳದ ವಿಷಯ ಯಾರಿಗೂ ನೆನಪಿರಲಿಲ್ಲ. ಕೊನೆಗೆ ಅವರೂ ಕೆಲಸ ಬಿಟ್ಟರು, ಆ ಜೊತೆಯವನೂ ಬಿಟ್ಟ.

ಕೇಳುವುದಕ್ಕೆ ಸಮಯವೂ ಮುಖ್ಯ. ನಿಮ್ಮಲ್ಲಿ ಏಪ್ರಿಲ್‌ಗೆ ಇನ್‌ಕ್ರಿಮೆಂಟ್ ಆಗುವುದಾದರೆ ಬಜೆಟ್ ಜನವರಿ, ಫೆಬ್ರವರಿಯಲ್ಲೇ ಮುಗಿದಿರುತ್ತದೆ. ಮಾರ್ಚ್ ಕೊನೆಗೆ ಕೇಳಿದರೆ ‘ಮುಂದಿನ ವರ್ಷ ನೋಡೋಣ’ ಅಂತಾರೆ, ಅದು ಸುಳ್ಳೂ ಅಲ್ಲ. ಮಾತಾಡಿ ಬಂದ ದಿನವೇ ಎರಡು ಸಾಲಿನ ಇಮೇಲ್ ಹಾಕಿ: ಇವತ್ತು ಮಾತಾಡಿದ್ದಕ್ಕೆ ಥ್ಯಾಂಕ್ಸ್, ಇಂಥ ವರ್ಷದ ಇನ್‌ಕ್ರಿಮೆಂಟ್ ಬಗ್ಗೆ ನೋಡುವುದಾಗಿ ಹೇಳಿದ್ದೀರಿ. ಅಷ್ಟು ಸಾಕು.

ಅದಕ್ಕೂ ಬಗ್ಗದಿದ್ದರೆ ಎರಡು ದಾರಿ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿ, ದೂರು ಎಲ್ಲಿ ಕೊಡಬೇಕು ಅಂತ ತಿಳಿದುಕೊಳ್ಳಬಹುದು. ವೇತನ ಸಂಹಿತೆಯಲ್ಲಿ ಕ್ಲೇಮ್ ಹಾಕಲು ಮೂರು ವರ್ಷದ ಅವಕಾಶ ಇದೆ. ಆದರೆ ಅಲ್ಲಿ ದಿನಗಳು ಹಿಡಿಯುತ್ತವೆ, ಅದೇ ಆಫೀಸಿನಲ್ಲಿ ದಿನಾ ಮುಖ ನೋಡಿಕೊಂಡು ಇರಬೇಕು. ಇನ್ನೊಂದು, ಹೊರಗೆ ಕೆಲಸ ಹುಡುಕುವುದು. ಪರ್ಚೇಸ್‌ನಲ್ಲಿ ಎಂಟು ವರ್ಷ ಅಂದರೆ ಸಣ್ಣ ಅನುಭವ ಅಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಮ್ಯಾನೇಜರ್ ಹತ್ತಿರ ಹೋಗುವ ಮೊದಲೇ ಎರಡು ಇಂಟರ್‌ವ್ಯೂ ಕೊಟ್ಟು ಬಂದಿರುತ್ತಿದ್ದೆ. ಬಿಡಬೇಕು ಅಂತಲ್ಲ. ನನ್ನ ಬೆಲೆ ಎಷ್ಟು ಅಂತ ಬೇರೆಯವರ ಬಾಯಲ್ಲಿ ಕೇಳಿದ ಮೇಲೆ ಮಾತಾಡುವ ದನಿಯೇ ಬೇರೆ ಆಗಿರುತ್ತದೆ. ಇಂಟರ್‌ವ್ಯೂನಲ್ಲಿ ‘ಈಗ ಎಷ್ಟು ಬರುತ್ತೆ?’ ಅಂದರೆ 31,000 ಅಂತ ಮೊದಲೇ ಹೇಳಬೇಡಿ. ‘ಈ ಕೆಲಸಕ್ಕೆ ನಿಮ್ಮ ರೇಂಜ್ ಎಷ್ಟು?’ ಅಂತ ನೀವೇ ಕೇಳಿ.

ಆ ಹುಡುಗನ ವಿಷಯ. ನೀವು ದೂರು ಕೊಟ್ಟರೆ ಅವನ ಸಂಬಳ ಇಳಿಸಿಬಿಡುತ್ತಾರಾ ಅನ್ನುವ ಅಳುಕು ನಿಮ್ಮ ಪತ್ರದ ಹಿಂದೆ ಇದ್ದ ಹಾಗಿದೆ. ಗಂಡು ಹೆಣ್ಣಿನ ಸಂಬಳ ಸಮ ಮಾಡುವ ನೆಪದಲ್ಲಿ ಯಾರದನ್ನೂ ಇಳಿಸುವ ಹಾಗಿಲ್ಲ ಅಂತ ವೇತನ ಸಂಹಿತೆಯಲ್ಲೇ ಇದೆ. ಕಮ್ಮಿ ಇರುವವರದನ್ನು ಏರಿಸಬೇಕು, ಅಷ್ಟೇ. ಅವನಿಗೆ ಈ ಪ್ರಿಂಟರ್ ಕಥೆ ಗೊತ್ತಾಗುವುದೂ ಬೇಡ. ಮುಂದೊಂದು ದಿನ ಸಲಿಗೆ ಇದ್ದರೆ ಚಹಾ ಕುಡಿಯುವಾಗ ಕೇಳಿ: ‘ಇಂಟರ್‌ವ್ಯೂನಲ್ಲಿ ಸಂಬಳದ ಮಾತು ಬಂದಾಗ ನೀನು ಏನು ಹೇಳಿದೆ?’ ಕೆಲಸ ನೀವು ಹೇಳಿಕೊಟ್ಟಿರಿ, ಇದನ್ನು ಅವನು ಹೇಳಿಕೊಡಲಿ.

ಫೋಟೋ ಗ್ಯಾಲರಿಯಿಂದ ಅಳಿಸಿದ ಮೇಲೆ ಟ್ರ್ಯಾಶ್ ಫೋಲ್ಡರನ್ನೂ ಒಮ್ಮೆ ನೋಡಿಕೊಳ್ಳಿ. ಅಲ್ಲಿ ಇನ್ನೂ ಒಂದು ತಿಂಗಳು ಉಳಿದಿರುತ್ತದೆ.